ಹ್ಯಾಂಡಲ್ ಹಾಯುವಷ್ಟು ದಾರಿ

ಹಟ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ಹಟ ಹಿಡಿದವನು ಗೆದ್ದನೋ ಸೋತನೋ ನೋಡಿಕೊಂಡು ಹೇಳಬೇಕು ಎನ್ನುತ್ತೇನೆ. ಗೆದ್ದರೆ ಜನ ಅದನ್ನು ಛಲ ಎನ್ನುತ್ತಾರೆ, ಸೋತರೆ ಮೊಂಡುತನ ಎನ್ನುತ್ತಾರೆ. ಗೆದ್ದ ಮೇಲೂ ಮೊಂಡ ಎನ್ನಿಸಿಕೊಂಡವರು ಅಪರೂಪ. ಆ ಅಪರೂಪದವರಲ್ಲಿ ನಾನೊಬ್ಬ. ಅದಕ್ಕೆ ಕಾರಣ ಒಂದು ರೇಸ್ ಸೈಕಲ್ಲಿನ ಹ್ಯಾಂಡಲ್, ಅದರ ಅಗಲ, ಮತ್ತು ಆ ವರ್ಷ ನಮ್ಮ ಮನೆಗೆ ಬಂದ ಜೋಳ.

ಆಗ ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಊರಿಗೆ ಮೊಬೈಲ್ ಇನ್ನೂ ಬಂದಿರಲಿಲ್ಲ. ಪರಊರಿನವರೊಡನೆ ಮಾತಾಡಬೇಕಾದರೆ ಎಸ್‌ಟಿಡಿ ಬೂತಿನ ಗಾಜಿನ ಗೂಡಿನಲ್ಲಿ ನಿಂತು ಬೆವರಬೇಕಿತ್ತು. ನಮ್ಮ ಜಿಲ್ಲೆಯ ಹುಡುಗರಿಗೆ ಸೈಕಲ್ ರೇಸಿನ ಹುಚ್ಚು ಮೊದಲಿನಿಂದಲೂ ಉಂಟು. ಅವರಿಗೆಲ್ಲ ಅದು ಬಿಡುವ ವಯಸ್ಸಿನಲ್ಲಿ ನನಗೆ ಹತ್ತಿತು. ಇಂಡಿ ಊರಿನ ರೇಸುಗಾರನೊಬ್ಬ ಎತ್ತರ ಬೆಳೆದು ಹೊಸ ಸೈಕಲ್ ತೆಗೆದುಕೊಂಡಾಗ ಅವನ ಹಳೆಯದನ್ನು ನಾನು ಕೊಂಡೆ. ಟಗರಿನ ಕೋಡಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಹೆಬ್ಬೆರಳಿನಷ್ಟು ತೆಳ್ಳಗಿನ ಟಾಯರ್. ಅದನ್ನು ನಂಬಿ, ರಾಜ್ಯೋತ್ಸವದ ದಿನ ನೌಕರರಿಗಾಗಿ ಇಟ್ಟಿದ್ದ ರೇಸಿಗೆ ಹೆಸರು ಕೊಟ್ಟೆ. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗಿ ತಿರುಗಿ ಬರುವುದು. ದೇವರ ಹಿಪ್ಪರಗಿ ನನ್ನ ಹೆಂಡತಿ ಸುವರ್ಣಾಳ ತವರು.

ಮಾವನವರದು ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಬೀಜ, ಗೊಬ್ಬರದ ಅಂಗಡಿ. ಅಂದು ಅವರು ಅಂಗಡಿಯ ಮುಂದೆ ಗೆಳೆಯರನ್ನೆಲ್ಲ ಕೂಡಿಸಿಕೊಂಡು, ಕೈಯಲ್ಲಿ ಹಾರ ಹಿಡಿದು ನಿಂತಿದ್ದರು. ನಾನು ಅಲ್ಲಿಯವರೆಗೆ ಬಂದದ್ದಂತೂ ನಿಜ. ಆದರೆ ಎದುರುಗಾಳಿಗೆ ಬಗ್ಗಿ ಬಗ್ಗಿ ಎದೆ ಬಿಗಿದು, ಎರಡೂ ಕೈ ಜೋಮು ಹಿಡಿದು, ಬ್ರೇಕ್ ಎಲ್ಲಿದೆ ಎಂಬುದೇ ಬೆರಳಿಗೆ ತಿಳಿಯದಂತಾಗಿತ್ತು. ಮಾವನವರ ಕಾಲ ಬಳಿಯೇ ಇಳಿದೆ, ಇಳಿದೆ ಎನ್ನುವುದಕ್ಕಿಂತ ಬಿದ್ದೆ ಎನ್ನುವುದೇ ಸರಿ. ಅವರು ಒಂದು ಟೆಂಪೋ ಕರೆಸಿ, ಸೈಕಲ್ಲನ್ನು ಮೇಲೆ ಹೇರಿಸಿ, ನನ್ನನ್ನು ಒಳಗೆ ಕೂಡಿಸಿದರು. ಹಾರವನ್ನು ಟೆಂಪೋದವನು ತನ್ನ ಕನ್ನಡಿಗೆ ಹಾಕಿಕೊಂಡ. ಅವರು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ. "ಊಟಾ ಮಾಡಿಕೊಂಡರ ಹೋಗ್ರಿ" ಎಂದು ಬಹಳ ಮರ್ಯಾದೆಯಿಂದ ಅಂದರು. ಆ ಮರ್ಯಾದೆ ನನ್ನನ್ನು ಸುಟ್ಟಿತು. ಮುಂದಿನ ವರ್ಷ ಇದೇ ಅಂಗಡಿಯ ಮುಂದೆ ಇಳಿಯದೆ ಹಾಯ್ದು ಹೋಗುತ್ತೇನೆ ಎಂದು ಆ ಟೆಂಪೋದಲ್ಲಿ ಕೂತೇ ನಿಶ್ಚಯ ಮಾಡಿದೆ.

ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಸೈಕಲ್ಲನ್ನೂ ನನ್ನನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ, ತಪ್ಪು ಹ್ಯಾಂಡಲಿನದು ಎಂದರು. ಅದು ಎಳೆಯ ಹುಡುಗನ ಎದೆಗೆ ತಕ್ಕದ್ದಂತೆ. ಒಂದು ಭುಜದ ಎಲುಬಿನಿಂದ ಇನ್ನೊಂದು ಭುಜದ ಎಲುಬಿಗೆ ಎಷ್ಟು ಅಂತರವೋ ಹ್ಯಾಂಡಲ್ ಅಷ್ಟು ಅಗಲ ಇರಬೇಕಂತೆ. ಕಡಿಮೆಯಾದರೆ ಉಸಿರು ಕಟ್ಟುತ್ತದೆ, ಹೆಚ್ಚಾದರೆ ಗಾಳಿ ಹಿಡಿದು ನಿಲ್ಲಿಸುತ್ತದೆ. ತಪ್ಪು ನನ್ನದಲ್ಲ ಎಂದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ಸಂಜೆಯೇ ಸುವರ್ಣಾಳ ಕೈಗೆ ಟೇಪು ಕೊಟ್ಟು ಅಂಗಿ ಕಳಚಿ ನಿಂತೆ. ನನ್ನ ಅಂಗಿಯ ಭುಜ ಹತ್ತೊಂಬತ್ತು ಇಂಚು ಎಂದು ದರ್ಜಿ ಹೇಳಿದ್ದು ನೆನಪಿತ್ತು. ಆಕೆ ಎಲುಬು ಹುಡುಕಿ ಹುಡುಕಿ ಅಳೆದು ಹದಿನೇಳು ಎಂದಳು. ಇನ್ನೊಮ್ಮೆ ಅಳೆಯಲು ಹೇಳಿದೆ. ಉಳಿದ ಎರಡು ಇಂಚು ಅಂಗಿಯವು, ನಿಮ್ಮವಲ್ಲ ಎಂದಳು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡನಲ್ಲಿ ಎರಡು ಇಂಚು ಕಡಿಮೆ ಇದೆಯೆಂದು ತಿಳಿದರೂ ಆಕೆಗೆ ಅಂಥ ಬೇಸರವೇನೂ ಆದಂತೆ ಕಾಣಲಿಲ್ಲ.

ಹದಿನೇಳು ಇಂಚಿನ ಹ್ಯಾಂಡಲ್ ಹುಡುಕುವುದರಲ್ಲೇ ಚಳಿಗಾಲ ಕಳೆಯಿತು. ಕೊನೆಗೆ ಮುದ್ದೇಬಿಹಾಳದ ಹಳೆಯ ರೇಸುಗಾರರೊಬ್ಬರ ಅಟ್ಟದ ಮೇಲೆ ಒಂದು ಇದೆ ಎಂದು ಸುದ್ದಿ ಬಂತು. ರವಿವಾರ ಹೋಗಿ ತಂದೆ. ಬರುವಾಗ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಹ್ಯಾಂಡಲನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಅಜ್ಜ ಬಹಳ ಹೊತ್ತು ನೋಡಿ, ಉಳಿದ ಸೈಕಲ್ ಯಾವ ಬಸ್ಸಿಗೆ ಬರುತ್ತದೆ ಎಂದು ವಿಚಾರಿಸಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮನೆಗೆ ಬಂದರೆ ಹೊರ್ತಿಯ ನಮ್ಮ ಹೊಲದ ಜೋಳ ನನಗಿಂತ ಮೊದಲು ಬಂದು ಕೂತಿತ್ತು. ನಮ್ಮದು ಹಳೆಯ ಕಲ್ಲಿನ ಮನೆ. ತಲಬಾಗಿಲಿನಿಂದ ಒಳಗಿನ ಅಂಗಳಕ್ಕೆ ಹೋಗಲು ಇಕ್ಕಟ್ಟಾದ ಒಂದೇ ದಾರಿ. ಸೈಕಲ್ ಇರುವುದು ಅಂಗಳದಲ್ಲಿ, ಏಕೆಂದರೆ ಹೊರಗೆ ನಿಲ್ಲಿಸಿದರೆ ಓಣಿಯ ಆಡುಗಳು ಹ್ಯಾಂಡಲಿಗೆ ಸುತ್ತಿದ ಬಟ್ಟೆಯ ಪಟ್ಟಿಯನ್ನು ತಿನ್ನುತ್ತಿದ್ದವು. ಆ ವರ್ಷ ಜೋಳ ಹೆಚ್ಚಾಗಿ ಬಂದದ್ದರಿಂದ ಅವ್ವ ನಾಲ್ಕು ಚೀಲಗಳನ್ನು ಆ ದಾರಿಯ ಗೋಡೆಗುಂಟ ಇಡಿಸಿದ್ದಳು. ಹಳೆಯ ಹ್ಯಾಂಡಲ್ ಹೇಗೋ ಹಾಯುತ್ತಿತ್ತು. ಹೊಸದರ ಅಗಲಕ್ಕೆ ಸರಿಯಾಗಿ ಒಂದು ಜೋಳದ ದಂಟು ಮುರಿದು, ಎದೆಗೆ ಅಡ್ಡ ಹಿಡಿದುಕೊಂಡು ನಡೆದು ನೋಡಿದೆ. ಎರಡು ಬೆರಳಿನಷ್ಟಕ್ಕೆ ಸಿಕ್ಕಿಕೊಂಡಿತು. ಸೈಕಲ್ಲನ್ನು ತಲೆಯ ಮೇಲೆ ಎತ್ತಿ ದಾಟಿಸಲು ಹೋಗಿ ಟ್ಯೂಬ್‌ಲೈಟ್ ಒಡೆದೆ. ಚೀಲ ಬೇರೆ ಕಡೆ ಇಡೋಣ ಎಂದರೆ ಅವ್ವ ಒಪ್ಪಲಿಲ್ಲ. ಒಳಕೋಣೆಯಲ್ಲಿ ತೇವ, ಅಡುಗೆಮನೆಯಲ್ಲಿ ಇಲಿ, ಜೋಳಕ್ಕೆ ಇದೇ ಜಾಗ ಎಂದಳು. "ಜ್ವಾಳ ಆದ್ರ ತಿನ್ನಾಕ ಬರತೈತಿ. ನಿನ್ನ ಸೈಕಲ್ ತಿನ್ನಾಕ ಬರತೈತೇನು?"

ಆ ಮಾತಿನಲ್ಲೇ ನನಗೆ ದಾರಿ ಕಂಡಿತು. ಜೋಳ ಸರಿಸಲು ಬರುವುದಿಲ್ಲ ಎಂದ ಮೇಲೆ ತಿಂದು ಮುಗಿಸಬೇಕು. ಅಂದಿನಿಂದ ಅನ್ನ ಬಿಟ್ಟೆ, ಚಪಾತಿ ಬಿಟ್ಟೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ರಾತ್ರಿ ರೊಟ್ಟಿಯ ಜೊತೆಗೆ ನುಚ್ಚು. ನೆಂಟರು ಬಂದರೆ ಮುಖ ಸಣ್ಣದು ಮಾಡುತ್ತಿದ್ದವನು ಈಗ ಹೊರಟು ನಿಂತವರನ್ನೂ ಕೈಹಿಡಿದು ಊಟಕ್ಕೆ ಕೂಡಿಸತೊಡಗಿದೆ. ಶಾಲೆಯ ಮಾಸ್ತರರನ್ನೆಲ್ಲ ಸರದಿಯಂತೆ ಕರೆದೆ, ಪಿ.ಟಿ. ಮಾಸ್ತರರು ಸರದಿ ಇಲ್ಲದೆಯೂ ಬಂದರು. ಇಷ್ಟು ದೊಡ್ಡ ಮನಸ್ಸಿನ ಮನುಷ್ಯ ಎಂದು ಸ್ಟಾಫ್ ರೂಮಿನಲ್ಲಿ ಹೊಗಳಿಸಿಕೊಂಡೆ. ಗಿರಣಿಗೆ ಡಬ್ಬಿ ಹೊರುವ ಕೆಲಸ ನನ್ನದು, ರೊಟ್ಟಿ ಬಡಿಯುವ ಕೆಲಸ ಸುವರ್ಣಾಳದು. ಪಾಪ, ಆಕೆಯ ಅಂಗೈ ಕೆಂಪಾಗಿ ಹೋಯಿತು. ಅಂತೂ ದಸರೆಯ ಹೊತ್ತಿಗೆ ನಾಲ್ಕೂ ಚೀಲ ಖಾಲಿಯಾಗಿ ದಾರಿ ತೆರವಾಯಿತು. ಪಿ.ಟಿ. ಮಾಸ್ತರರು ದಾರ ಹಿಡಿದು ನೇರ ನೋಡಿ ಹೊಸ ಹ್ಯಾಂಡಲ್ ಕೂಡಿಸಿ, ಇನ್ನು ಇದನ್ನು ಕೂದಲೆಳೆಯಷ್ಟೂ ಅಲುಗಿಸಬೇಡಿರೆಂದು ಎಚ್ಚರಿಕೆ ಕೊಟ್ಟರು. ರಸ್ತೆಗೆ ಇಳಿದರೆ ಎದೆ ತೆರೆದು ಉಸಿರಾಡಿತು, ಕೈಗೆ ಬ್ರೇಕ್ ಸಿಕ್ಕಿತು. ದಿನಾ ಬೆಳಿಗ್ಗೆ ಸೈಕಲ್ ಹೊಡೆದೆ. ಈ ಸಲ ಗ್ಯಾರಂಟಿ ಎನ್ನಿಸಿತು.

ರೇಸಿನ ಹಿಂದಿನ ಸಂಜೆ ಬೆನ್ನಿಗೆ ಕಟ್ಟುವ ನಂಬರ್ ತರಲು ಹೋಗಿದ್ದೆ. ತಿರುಗಿ ಬರುವಾಗ ನಮ್ಮ ಮನೆಯ ಮುಂದಿನಿಂದ ಒಂದು ಟೆಂಪೋ ಹೊರಡುತ್ತಿತ್ತು. ಅದರ ಕನ್ನಡಿಗೆ ಒಣಗಿ ನಾರಾದ ಹಾರ ಜೋತಾಡುತ್ತಿದ್ದುದನ್ನು ನೋಡಿ ಬಾಗಿಲಿಗೆ ಓಡಿದೆ. ಹಬ್ಬದ ದಿನ ಫೋನ್ ಮಾಡಿದಾಗ ಸುವರ್ಣಾ, ಈ ಸಲ ಜೋಳ ಬೇಗ ಮುಗಿಯಿತೆಂದು ತವರಿಗೆ ಹೇಳಿದ್ದಳಂತೆ. ಅಳಿಯ ರೊಟ್ಟಿ ಚೆನ್ನಾಗಿ ಉಣ್ಣುತ್ತಾನೆಂದು ಹಿಗ್ಗಿದ ಮಾವನವರು ನಾಲ್ಕು ಚೀಲ ಕಳಿಸಿದ್ದರು. ಅವ್ವ ಅವನ್ನು ಜೋಳದ ಜಾಗದಲ್ಲೇ ಇಡಿಸಿದ್ದಳು. ಹಮಾಲರು ಟೆಂಪೋದ ಜೊತೆಗೇ ಹೋಗಿಬಿಟ್ಟಿದ್ದರು. ಸೈಕಲ್ ಅಂಗಳದಲ್ಲಿ, ನಾನು ಬಾಗಿಲಲ್ಲಿ, ನಡುವೆ ಮಾವನವರ ಪ್ರೀತಿ. ಒಂದು ಚೀಲಕ್ಕೆ ಹೆಗಲು ಕೊಟ್ಟು ನೂಕಿದೆ. ಚೀಲ ಅಲುಗಲಿಲ್ಲ, ಸೊಂಟ ಅಲುಗಿತು. ಅದರ ಮೇಲೆಯೇ ಕೂತುಬಿಟ್ಟೆ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಸುವರ್ಣಾ ಬಂದು ಚೀಲಗಳನ್ನೂ, ಅಂಗಳದಲ್ಲಿದ್ದ ಸೈಕಲ್ಲನ್ನೂ ಸ್ವಲ್ಪ ಹೊತ್ತು ನೋಡಿದಳು.

"ಅಲ್ರೀ, ಆ ನಟ್ಟು ಸಡ್ಲ ಮಾಡಿ ಹ್ಯಾಂಡಲ್ ಉದ್ದಕ ತಿರುವಿದ್ರ ಹಾಯೂದಿಲ್ಲೇನ್ರಿ?" ಎಂದಳು.

ನಾನು ಎದ್ದು ನಟ್ಟು ತಿರುವುವ ಪಾನಾ ತಂದೆ. ನಟ್ಟು ಸಡಿಲಿಸಿದೆ. ಹ್ಯಾಂಡಲ್ ತಿರುಗಿ ಚಕ್ರದ ನೇರಕ್ಕೆ ನಿಂತಿತು. ಸೈಕಲ್ ಆ ದಾರಿಯಲ್ಲಿ ಎಲ್ಲಿಯೂ ಮುಟ್ಟದೆ ಹೊರಗೆ ಬಂತು. ದಂಟು ಹಿಡಿದು ಅಳೆಯುತ್ತ ಕೂತವನಿಗೆ, ಹ್ಯಾಂಡಲ್ ದಂಟಲ್ಲ, ಅದು ತಿರುಗುತ್ತದೆ ಎಂಬುದು ಸುಗ್ಗಿಯಿಂದ ದಸರೆಯವರೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವ್ವ ಮಾತ್ರ ಬಾಗಿಲಲ್ಲಿ ನಿಂತು, "ಇಷ್ಟರ ಸಲುವಾಗಿ ಅಷ್ಟೂ ಜ್ವಾಳ ತಿಂದೆಲ್ಲೋ ತಮ್ಮಾ" ಎಂದಳು.

ಮರುದಿನ ದೇವರ ಹಿಪ್ಪರಗಿಯಲ್ಲಿ ಮಾವನವರು ಅಂಗಡಿಯ ಮುಂದೆಯೇ ನಿಂತಿದ್ದರು. ಈ ಸಲ ಕೈಯಲ್ಲಿ ಹಾರ ಇರಲಿಲ್ಲ. ಪಕ್ಕದಲ್ಲಿ ಟೆಂಪೋ ಇತ್ತು, ಎಂಜಿನ್ ಚಾಲೂ ಇತ್ತು. "ಅಳಿಯಾರ, ಟೆಂಪೋ ಐತ್ರಿ" ಎಂದು ಕೂಗಿದರು. "ಇರ್ಲಿ ಬಿಡ್ರಿ ಮಾವಾರ" ಎಂದೆ. ಇಳಿಯಲಿಲ್ಲ. ಅಂಗಡಿ ಹಾಯ್ದು, ತಿರುವಿನಲ್ಲಿ ತಿರುಗಿ, ಮತ್ತೆ ಅವರ ಮುಂದೆಯೇ ಬಂದೆ. ಟೆಂಪೋದವನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲವೆಂದು ತೋರುತ್ತದೆ, ಬಹಳ ದೂರ ನಿಧಾನವಾಗಿ ಹಿಂದೆಯೇ ಬಂದ. ನಾನು ಸಿಂದಗಿ ಮುಟ್ಟಿದಾಗ ಬಹುಮಾನ ಹಂಚಿ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಆದರೆ ಸೈಕಲ್ಲಿನ ಮೇಲೆಯೇ ಮುಟ್ಟಿದೆ. ಅಷ್ಟು ಹೆಮ್ಮೆ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಇವತ್ತಿಗೂ ನಾನು ಏನಾದರೊಂದು ದೊಡ್ಡ ಸಂಕಲ್ಪ ಮಾಡಿ ಮನೆಯವರನ್ನೆಲ್ಲ ಕೆಲಸಕ್ಕೆ ಹಚ್ಚಲು ಹೊರಟರೆ ಸುವರ್ಣಾ ವಾದಿಸುವುದಿಲ್ಲ. ಊಟಕ್ಕೆ ಕೂತಾಗ ನೋಡಿದರೆ, ತಾಟಿನ ಪಕ್ಕದಲ್ಲಿ ಆ ಪಾನಾ ಇಟ್ಟಿರುತ್ತಾಳೆ. ನಾನು ಅದನ್ನು ಆಚೆ ಸರಿಸಿ, ಇನ್ನೊಂದು ರೊಟ್ಟಿ ಹಾಕು ಎನ್ನುತ್ತೇನೆ.