ಕಲ್ಲು ನನ್ನ ಹೊಟ್ಟೇಲಿ, ಪಂಚಾಯ್ತಿ ಕೇರಿಗೆಲ್ಲ

ನಮ್ಮ ಕೇರೀಲಿ ಯಾರ ಮನೇಲಿ ಎಂತ ಆದ್ರೂ ಮೊದ್ಲು ನಂಗೆ ಗೊತ್ತಾಗ್ತದೆ, ಆಮೇಲೆ ಅವ್ರಿಗೆ. ಹಂಗಿದ್ದ ನನ್ನ ಸುದ್ದೀನೇ ಊರವ್ರು ಹೇಳ್ಕಂಡು ತಿರುಗು ಹಂಗಾತು. ಹೇಳುದಾದ್ರೆ ಸರಿಯಾಗಿ ಹೇಳ್ಬೇಕಲ್ಲ, ಅದ್ಕೆ ನಾನೇ ಹೇಳ್ತೆ.

ಪೇಶಂಟ್ ಯಾರು?

ಕರಿದದ್ದು ತಿಂದಾಗೆಲ್ಲ ಬಲಪಕ್ಕೆ ಕೆಳಗೆ ಹಿಡ್ಕಂಡು ಬೆನ್ನಿನವರೆಗೂ ನೋವು. ಗ್ಯಾಸು ಅಂದ್ಕಂಡು ಸೋಡಾ ಕುಡ್ದೆ, ಜೀರಿಗೆ ಕಷಾಯ ಕುಡ್ದೆ. ಕಡೆಗೆ ಕುಮಟೆಗೆ ಹೋಗಿ ಸ್ಕ್ಯಾನಿಂಗ್ ಮಾಡ್ಸದ್ರೆ ಪಿತ್ತಕೋಶದ ತುಂಬ ಕಲ್ಲು!

ಡಾಕ್ಟ್ರು ಹೇಳಿದ್ರು, "ಎಣ್ಣೆ, ತುಪ್ಪ, ಕರಿದದ್ದು ಎಲ್ಲ ಬಂದ್. ನೋವು ಹಿಂಗೇ ಬರ್ತಾ ಇದ್ರೆ ಆಪರೇಷನ್ ಮಾಡಿ ಆ ಪಿತ್ತದ ಚೀಲನೇ ತೆಗೆಯುದು ಒಳ್ಳೇದು."

"ಕಲ್ಲಷ್ಟೇ ತೆಗ್ದು ಚೀಲ ಬಿಟ್ರೆ ಆಗುದಿಲ್ವ?" ಅಂದ್ರು ನಮ್ಮನೆಯವ್ರು.

"ಬಿಟ್ರೆ ಅದು ಮತ್ತೆ ಕಲ್ಲು ಮಾಡ್ತದೆ."

ಅಷ್ಟು ಕೇಳಿದ್ದೇ ನಮ್ಮನೆಯವ್ರ ಮುಖ ಸುಣ್ಣ ಬಳ್ದಂಗಾತು. ನರ್ಸಮ್ಮ ಓಡಿ ಬಂದು ಅವ್ರನ್ನೇ ಹಾಸಿಗೆ ಮೇಲೆ ಮಲಗ್ಸಿ ಬಿಪಿ ನೋಡುಕೆ ಶುರು ಮಾಡ್ತು. ನಾನು ಅಲ್ಲೇ ನಿಂತು ಅವ್ರ ಚಪ್ಪಲಿ ಹಿಡ್ಕಂಡು ಹೇಳ್ದೆ, "ನೋಡು ತಂಗಿ, ಅವ್ರಿಗೆ ಹೆದ್ರಿಕೆ ಅಷ್ಟೇ. ಕಲ್ಲು ನಂದು."

ಬಾಳೆದಿಂಡು

ಮನೆ ಮುಟ್ಟುದ್ರೊಳಗೆ ಕೇರಿಗೆಲ್ಲ ಸುದ್ದಿ. ನಾನೊಬ್ಳೇ ಅಲ್ಲ ಈ ಕೆಲ್ಸದಲ್ಲಿ ಅಂತ ಅವತ್ತು ಗೊತ್ತಾತು. ಆಚೆಮನೆ ಅಕ್ಕ ಒಂದು ಚೆಂಬು ಬಾಳೆದಿಂಡಿನ ರಸ ತಂದು ಮುಂದಿಟ್ಲು.

"ಕುಡಿ, ಕರಗೇ ಹೋಗ್ತದೆ."

"ಅಕ್ಕಾ, ಅದು ಕಿಡ್ನಿ ಕಲ್ಲಿಗೆ ಕುಡ್ಯುದು. ನಂಗಿದ್ದದ್ದು ಪಿತ್ತದ ಕಲ್ಲು."

"ಕಲ್ಲು ಅಂದ್ರೆ ಕಲ್ಲು. ಅದ್ರಲ್ಲೂ ಎಂತ ಜಾತಿ ನಿಂದು?"

ಆತು ಅಂದ್ಕಂಡು ಚೆಂಬು ಎತ್ಕಂಡು ಸೀದಾ ಅವಳ ಮನೆಗೆ ಹೋದೆ. ಅಂಗಳದ ಚಿರೆಕಲ್ಲಿನ ಮೆಟ್ಲ ಮೇಲೆ ಪೂರಾ ಹೊಯ್ದೆ. "ನಾಳೆ ಬೆಳಿಗ್ಗೆ ಈ ಮೆಟ್ಲು ಕರಗಿದ್ರೆ ನಾನೂ ಕುಡೀತೆ," ಅಂದೆ.

ಮೆಟ್ಲು ಇನ್ನೂ ಉಂಟು. ಅಕ್ಕ ಮಾತು ಬಿಟ್ಟಿದ್ಲು, ಈಗ ಸರಿಯಾಗಿದೆ.

ಬಂಗಡೆ

ನಮ್ಮತ್ತೆಗೆ ಆಪರೇಷನ್ ಅಂದ್ರೆ ಆಗುದಿಲ್ಲ. "ದೇವ್ರು ಕೊಟ್ಟದ್ದು ತೆಗೆಸುಕಾಗ. ಪಥ್ಯ ಮಾಡ್ಕಂಡು ಇದ್ರೆ ಆತು."

"ದೇವ್ರು ಕೊಟ್ಟ ಹಲ್ಲೆಲ್ಲ ತೆಗೆಸಿ ಸೆಟ್ ಹಾಕ್ಸಿದ್ರಲ್ಲ, ಅದು?"

"ಅದು ಬಾಯಿ, ಇದು ಹೊಟ್ಟೆ!"

ಪಥ್ಯ ಹೇಳುದು ಸುಲಭ. ತೆಂಗಿನಕಾಯಿ ಇಲ್ಲದ ಸಾರು, ಗಂಜಿ, ಬೇಯಿಸಿದ ಸೋರೆಕಾಯಿ ನಂಗೆ. ಪಕ್ಕದಲ್ಲೇ ಕೂತು ಅತ್ತೆ ಬಂಗಡೆ ಹುರ್ಕಂಡು ಆ ಸೆಟ್ ಹಲ್ಲಲ್ಲಿ ಕಟುಂ ಕುಟುಂ. ತದಡಿಯಿಂದ ಬುಟ್ಟಿ ಹೊತ್ತು ಬರು ಮೀನು ಮಾರು ಹೆಂಗ್ಸೂ "ನಿಂಗೆ ಕೊಡುದಿಲ್ಲ ಅಕ್ಕ, ನಿನ್ನತ್ತೆ ಬೈತಾರೆ" ಅಂತ ಬುಟ್ಟಿ ಮುಚ್ತಿತ್ತು.

ಒಂದಿನ ತಡೀಲಿಲ್ಲ. ಆ ಬಾಳೆದಿಂಡಿನ ಅಕ್ಕನ ಅಡುಗೆಮನೇಲಿ ನಿಂತೇ ಎರಡು ಬಂಗಡೆ ತಿಂದೆ. ರಾಜಿ ಆದದ್ದು ಹಂಗೆ. ಸಂಜೆಗೆ ನೋವು ಬಂತು, ನೆಲ ಹಿಡ್ಕಂಡು ಹೊರಳ್ದೆ. ಅತ್ತೆ ಬಂದು ನನ್ನ ಕೈ ಮೂಸಿದ್ರು.

"ಬಂಗಡೆ!"

"ಸುಳ್ಳು! ಸೋಪು ಹಾಕಿ ಮೂರು ಸಲ ತೊಳ್ದಿದ್ದೆ!" ಅಂದ್ಬಿಟ್ಟೆ.

ಆದ್ರೆ ಆ ನೆಲದ ಮೇಲೇ ತೀರ್ಮಾನ ಮಾಡ್ದೆ. ಇನ್ನೊಬ್ರು ತಿನ್ನುದು ನೋಡ್ಕಂಡು ಹೆದ್ರಿ ಹೆದ್ರಿ ಬದುಕುದು ನನ್ನಿಂದಾಗ. ಚೀಲ ಹೋಗ್ಲಿ.

ಪ್ರಸಾದ

"ಹಂಗಾದ್ರೆ ಪ್ರಸಾದ ಕೇಳ್ವ. ದೇವ್ರು ಹೇಳ್ದಂಗೆ ಆಗ್ಲಿ," ಅಂದ್ರು ಅತ್ತೆ. ನಮ್ಮನೆಯವ್ರು ಬದ್ಕಿದೆ ಅನ್ನು ಹಂಗೆ ತಲೆ ಆಡ್ಸಿದ್ರು. ಮಿರ್ಜಾನ ಬದಿಗೆ ನಮ್ಮ ದೇವಸ್ಥಾನ. ಭಟ್ರು ಮೂರ್ತಿಯ ಎರಡೂ ಬದಿಗೆ ಹೂವಿನ ಎಸಳು ನೀರಲ್ಲಿ ಅದ್ದಿ ಅಂಟ್ಸುದು. ಬಲಗಡೆದು ಮೊದ್ಲು ಬಿದ್ರೆ ಹೌದು, ಎಡಗಡೆದು ಬಿದ್ರೆ ಬೇಡ.

ಅತ್ತೆ ಕೈ ಮುಗ್ಕಂಡು ಮುಂದೆ ಹೋದ್ರು. ಭಟ್ರು ತಡ್ದು, "ಹೊಟ್ಟೆ ಯಾರದ್ದೋ ಅವ್ರೇ ಮನಸ್ಸಲ್ಲಿ ಕೇಳ್ಲಿ," ಅಂದ್ರು.

"'ಆಪರೇಷನ್ ಮಾಡ್ಸುಕೆ ಅಡ್ಡಿಲ್ವ' ಅಂತ ಕೇಳು, ಸಮಾ ಕೇಳು," ಅಂತ ಅತ್ತೆ ಹಿಂದಿಂದ ತಿವಿದ್ರು.

ನಾನು ಕಣ್ಣು ಮುಚ್ಚಿ ಕೇಳ್ದೆ. ಎಡಗಡೆ ಎಸಳು ಪಟಕ್ಕನೆ ಬಿತ್ತು.

"ನೋಡ್ದ್ಯ! ದೇವ್ರೇ ಬೇಡ ಅಂದ!" ಅತ್ತೆಗೆ ಕುಣಿಯುದೊಂದು ಬಾಕಿ.

"ಬೇಡ ಅಂದದ್ದು ಹೌದು," ಅಂದೆ, "ಆದ್ರೆ ನಾ ಕೇಳಿದ್ದು ಬೇರೆ."

"ಎಂತ ಕೇಳ್ದೆ?"

"'ದೇವ್ರೇ, ಈ ವಿಷಯದಲ್ಲಿ ನಮ್ಮತ್ತೆ ಮಾತು ಕೇಳ್ಲಾ?' ಅಂತ ಕೇಳ್ದೆ."

ಭಟ್ರು ಶಾಲು ಬಾಯಿಗೆ ಒತ್ಕಂಡು ಗರ್ಭಗುಡಿ ಒಳಗೆ ಹೋದ್ರು. ಬಹಳ ಹೊತ್ತು ಹೊರಗೆ ಬರ್ಲಿಲ್ಲ.

ಆಪರೇಷನ್ ಆತು. ಈಗ ಬಂಗಡೆ ಅಳತೆಲಿ ತಿಂತೆ, ಅತ್ತೆ ಎದುರಿಗೇ ಕೂತು. ನೋಡುಕೆ ಬಂದವ್ರಿಗೆಲ್ಲ ಅತ್ತೆ ಹೇಳುದು ಒಂದೇ, "ಪ್ರಸಾದ ಕೇಳ್ಸಿದ್ದೇ ನಾನು. ದೇವ್ರು ಸರಿಯಾದ್ದೇ ಹೇಳ್ದ."

ಎಂತ ಕೇಳಿದ್ದಕ್ಕೆ ಹಂಗೆ ಹೇಳ್ದ ಅನ್ನುದನ್ನ ಮಾತ್ರ ಬಾಯಿ ಬಿಡುದಿಲ್ಲ. ಅದನ್ನ ಹೇಳುಕೆ ನಾನಿದ್ದೇನಲ್ಲ!