ಏಳನೇ ಬಂದೂಕಿನ ಮೇಲೆ ಐದು ಬೆರಳು

ಬೆಳಿಗ್ಗೆ ಒಂಬತ್ತೂಕಾಲಿಗೆ ತುಕ್ಕಣ್ಣ ಏಳನೇ ಬಂದೂಕಿನ ಮಖಮಲ್ಲಿನ ಗವಸು ಕಳಚಿದ. ಕಳಚಿದವನು ಹಾಗೇ ಸ್ಟೂಲಿನ ಮೇಲೆ ಕುಸಿದ. ನಳಿಕೆಯ ಮೇಲೆ ಐದು ಬೆರಳು ಮೂಡಿದ್ದವು. ಒಂದು ಬದಿಗೆ ಹೆಬ್ಬೆರಳು, ಇನ್ನೊಂದು ಬದಿಗೆ ಉಳಿದ ನಾಲ್ಕು, ಯಾರೋ ಈಗಷ್ಟೇ ಹಿಡಿದು ಬಿಟ್ಟುಹೋದಂತೆ ಕಂದು ತುಕ್ಕಿನಲ್ಲಿ ಅಚ್ಚೊತ್ತಿದ್ದವು. ಕಿರುಬೆರಳು ಮಾತ್ರ ಒಡಹುಟ್ಟಿದವರ ಸಹವಾಸ ಬೇಡವೆಂಬಂತೆ ಹೊರಕ್ಕೆ ಕೊಕ್ಕೆಯ ಹಾಗೆ ಬಾಗಿತ್ತು.

ತುಕ್ಕಣ್ಣ ಎನ್ನುವುದು ಅವನ ತಾಯಿತಂದೆ ಇಟ್ಟ ಹೆಸರಲ್ಲ. ಕಾವಲು ಪಡೆಯ ಆ ಕಚೇರಿಯ ನೆಲಮಾಳಿಗೆಯಲ್ಲಿ ಹನ್ನೆರಡು ಬಂದೂಕುಗಳನ್ನು ನೋಡಿಕೊಳ್ಳುವ ಕೆಲಸ ಹನ್ನೊಂದು ವರ್ಷದ ಹಿಂದೆ ಅವನ ಕೊರಳಿಗೆ ಬಿದ್ದಿತ್ತು. ಅಂದಿನಿಂದ ಅವನ ಬಾಯಲ್ಲಿ ತುಕ್ಕಿನ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಬಂದೂಕಿಗೆ ಶತ್ರು ಎಂದರೆ ಬೆವರು, ಬರಿಗೈಲಿ ಮುಟ್ಟಿದರೆ ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತದೆ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಬಿಳಿ ನೂಲಿನ ಕೈಗವಸು ಹಾಕದೆ ಯಾರನ್ನೂ ಕೋಣೆಯೊಳಗೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಒಮ್ಮೆ ತೊಳೆದ ಚಮಚಗಳಿಗೆಲ್ಲ ತೆಳುವಾಗಿ ಎಣ್ಣೆ ಸವರಿಟ್ಟು ಹೆಂಡತಿಯ ಕೈಲಿ ಮಂಗಳಾರತಿ ಮಾಡಿಸಿಕೊಂಡಿದ್ದ.

ಪ್ರತಿ ಶನಿವಾರ ಹನ್ನೊಂದು ಬಂದೂಕುಗಳಿಗೆ ಒರೆಸುವ, ಎಣ್ಣೆ ಸವರುವ ಉಪಚಾರ ನಡೆಯುತ್ತಿತ್ತು. ಏಳನೆಯದಕ್ಕೆ ಮಾತ್ರ ಆ ಭಾಗ್ಯವಿರಲಿಲ್ಲ. ಹೋದ ವರ್ಷ ತಪಾಸಣೆಯ ದಿನ ತುಕ್ಕಣ್ಣ ಜ್ವರ ಬಂದು ಮಲಗಿದ್ದ. ನಾಲ್ಕು ದಿನ ಬಿಟ್ಟು ಬಂದರೆ ಏಳನೆಯದು ಹೊಸ ಮಖಮಲ್ಲಿನ ಗವಸಿನೊಳಗೆ ಸೇರಿತ್ತು. ಅದು ಮರ್ಯಾದೆಯ ಬಂದೂಕು, ಮುಂದಿನ ತಪಾಸಣೆಯವರೆಗೆ ಬಿಚ್ಚಬಾರದು ಎಂದು ಕಚೇರಿಯ ಸಾಹೇಬರ ಅಪ್ಪಣೆಯಾಗಿತ್ತು. ಗೋಡೆಯ ಮೇಲೆ ತಪಾಸಣೆಗೆ ಬಂದಿದ್ದ ದೊಡ್ಡ ಸಾಹೇಬರ ಫೋಟೋ ಏರಿತ್ತು. ಬೇರೆ ಜಾಗವಿಲ್ಲವೆಂದು ಯಾರೋ ಫೋಟೋದ ಕೆಳಗಿನ ಅರ್ಧಕ್ಕೆ ಕೆಲಸದ ಸರದಿ ಪಟ್ಟಿ ಅಂಟಿಸಿದ್ದರು. ಹಾಗಾಗಿ ದೊಡ್ಡ ಸಾಹೇಬರು ವರ್ಷವಿಡೀ ಎದೆಯಿಂದ ಮೇಲಷ್ಟೇ ಕಾಣುತ್ತಿದ್ದರು.

ಅದೇ ದೊಡ್ಡ ಸಾಹೇಬರು ಇವತ್ತು ನಾಲ್ಕು ಗಂಟೆಗೆ ಬರುವವರಿದ್ದರು. ಅವರ ಮುಂದೆ ತುಕ್ಕಣ್ಣನ ವರ್ಗಾವಣೆಯ ಕಾಗದವೂ ಹೋಗುವುದಿತ್ತು. ಎರಡನೇ ಮಹಡಿಯ ಪತ್ರ ವಿಭಾಗ, ಕಿಟಕಿ ಪಕ್ಕದ ಮೇಜು. ಹನ್ನೊಂದು ವರ್ಷ ಬಿಸಿಲು ಕಾಣದೆ ಕೆಮ್ಮು ಸಂಪಾದಿಸಿದ್ದ ಮನುಷ್ಯ ಆ ಕಿಟಕಿಯನ್ನು ದಿನಕ್ಕೊಮ್ಮೆಯಾದರೂ ಹೋಗಿ ನೋಡಿ ಬರುತ್ತಿದ್ದ. ಆಯುಧಗಳು ಚೊಕ್ಕವಾಗಿದ್ದರೆ ಸಹಿ, ಇಲ್ಲದಿದ್ದರೆ ಇನ್ನೂ ಮೂರು ವರ್ಷ ನೆಲಮಾಳಿಗೆ.

ತುಕ್ಕಿಗೆ ಮದ್ದು ಅವನಿಗೆ ಗೊತ್ತಿತ್ತು. ಎಣ್ಣೆ ಹಚ್ಚಿ ಎರಡು ಗಂಟೆ ನೆನೆಯಲು ಬಿಡಬೇಕು, ಆಮೇಲೆ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ತಿಕ್ಕಬೇಕು. ಎಣ್ಣೆಯನ್ನೇನೋ ಹಚ್ಚಿದ. ಆ ಎರಡು ಗಂಟೆ ಅವನು ಸುಮ್ಮನೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸುಮ್ಮನೆ ಕೂರುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಕೋಣೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದ. ತುಕ್ಕು ಹೋಗದಿದ್ದರೆ ಮುಟ್ಟಿದವನನ್ನಾದರೂ ಹಿಡಿದು ದೊಡ್ಡ ಸಾಹೇಬರ ಮುಂದೆ ನಿಲ್ಲಿಸಬೇಕು ಎಂದು ನಿಶ್ಚಯಿಸಿದ. ತೆಳು ಕಾಗದವೊಂದನ್ನು ನಳಿಕೆಗೆ ಸುತ್ತಿ, ಐದು ಬೆರಳನ್ನೂ ಪೆನ್ಸಿಲಿನಲ್ಲಿ ತೀಡಿಕೊಂಡ.

ಮೊದಲು ಸಿಕ್ಕಿದ್ದು ಟೀ ತರುವ ಅಜ್ಜ. ತುಕ್ಕಿನ ಸುದ್ದಿ ಬಾಯಿಬಿಟ್ಟರೆ ಅದು ತನಗಿಂತ ಮುಂಚೆ ಮಹಡಿ ಹತ್ತುತ್ತದೆಂದು ತುಕ್ಕಣ್ಣನಿಗೆ ಗೊತ್ತಿತ್ತು.

"ಅಜ್ಜಾ, ಸ್ವಲ್ಪ ಕೈ ತೋರ್ಸು."

"ಯಾಕಪ್ಪಾ?"

"ಸುಮ್ನೆ. ರೇಖೆ ನೋಡೋಣ ಅಂತ."

ಅಜ್ಜನ ಬೆರಳುಗಳು ಗಿಡ್ಡ, ಕಾಗದದ ಅರ್ಧಕ್ಕೂ ಮುಟ್ಟಲಿಲ್ಲ. ಕೈ ಹಿಡಿದ ಮೇಲೆ ಏನಾದರೂ ಹೇಳಬೇಕಲ್ಲ, ಕಳೆದುಹೋದದ್ದೊಂದು ಇವತ್ತು ಸಿಗುತ್ತದೆ ಎಂದು ಹೇಳಿ ಸಾಗಹಾಕಿದ. ಅಜ್ಜ ದಿನಕ್ಕೆ ಮೂರು ವಸ್ತು ಕಳೆದುಕೊಳ್ಳುವವನು. ಹತ್ತು ನಿಮಿಷದಲ್ಲಿ ಟೀ ಪಾತ್ರೆಯ ಮುಚ್ಚಳ ಅವನ ಚೀಲದಲ್ಲೇ ಸಿಕ್ಕಿತು. ಮುಚ್ಚಳದ ಜೊತೆ ತುಕ್ಕಣ್ಣ ಕೈ ನೋಡುತ್ತಾನೆಂಬ ಸುದ್ದಿಯೂ ಮಹಡಿ ಹತ್ತಿತು.

ಎರಡನೆಯವಳು ಟೈಪಿಸ್ಟಮ್ಮ. ಇವನು ಹುಡುಕಿಕೊಂಡು ಹೋಗುವ ಮೊದಲೇ ತಾನಾಗಿ ಇಳಿದು ಬಂದು ಎರಡೂ ಕೈ ಚಾಚಿದಳು. ಒಂದು ವಾರಕ್ಕೆಂದು ಬಂದ ನಾದಿನಿ ಮೂರು ತಿಂಗಳಾದರೂ ಹೊರಡುವ ಮಾತೆತ್ತುತ್ತಿಲ್ಲ, ಅದಕ್ಕೇನಾದರೂ ರೇಖೆ ಇದೆಯೇ ಎಂದು ಕೇಳಿದಳು. ಅವಳ ಬೆರಳುಗಳು ಪೆನ್ಸಿಲಿನಂತೆ ಸಣ್ಣಗಿದ್ದವು. ಬಂದವರು ಒಂದಲ್ಲ ಒಂದು ದಿನ ಹೋಗಲೇಬೇಕಲ್ಲಮ್ಮ ಎಂದು ತುಕ್ಕಣ್ಣ ಅಡ್ಡಗೋಡೆಯ ಮೇಲೆ ದೀಪವಿಟ್ಟ. ಗ್ರಹಚಾರ ನೋಡಿ, ನಾದಿನಿ ಗಂಟುಮೂಟೆ ಕಟ್ಟಿದಳೆಂದು ಹನ್ನೆರಡು ಗಂಟೆಗೇ ಅವಳಿಗೆ ಮನೆಯಿಂದ ಫೋನು ಬಂತು.

ಅಲ್ಲಿಗೆ ಮುಗಿಯಿತು. ಒಂದು ಗಂಟೆಯ ಹೊತ್ತಿಗೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. ಕಾವಲಿನವರು, ಡ್ರೈವರುಗಳು, ಪಕ್ಕದ ಕಟ್ಟಡದ ಲಿಫ್ಟಿನವನು, ಅವನ ಭಾವಮೈದುನ. ತುಕ್ಕಣ್ಣ ಮೊದಮೊದಲು ಖುಷಿಯಿಂದಲೇ ಕೂತ. ಕಳ್ಳ ತಾನಾಗಿಯೇ ಕೈ ಒಡ್ಡುತ್ತಾನೆಂದರೆ ಬೇಡವೆನ್ನುವವರು ಯಾರು? ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೈಗೆ ಹೋಲಿಸಿದ. ಕೊಕ್ಕೆಯ ಕಿರುಬೆರಳು ಯಾರಲ್ಲೂ ಇರಲಿಲ್ಲ. ಒಂದು ಕೈ ಮುಗಿದರೆ ಎರಡು ಕೈ ಬಂದು ಸೇರುತ್ತಿದ್ದವು. ಎಣ್ಣೆ ಹಚ್ಚಿ ಮೂರು ಗಂಟೆ ದಾಟಿತ್ತು, ಎದ್ದು ಹೋಗಿ ತಿಕ್ಕೋಣವೆಂದರೆ ಜನ ಬಿಡಬೇಕಲ್ಲ.

ನಡುವೆ ಹೆಂಡತಿಯ ಫೋನು ಬಂತು. ಟೈಪಿಸ್ಟಮ್ಮ ಅವಳಿಗೆ ಬೇಕಾದವಳು.

"ಊರೋರ ಕೈಯೆಲ್ಲ ಹಿಡ್ಕೊಂಡು ಕೂತಿದ್ದೀರಂತೆ. ಇಪ್ಪತ್ತು ವರ್ಷದಲ್ಲಿ ನನ್ನ ಕೈ ಒಂದ್ಸಲನಾದ್ರೂ ನೋಡಿದ್ದೀರಾ?"

"ಅದು ಹಾಗಲ್ಲ ಕಣೇ, ತುಕ್ಕು..."

"ನನ್ನ ಕೈಗೆ ತುಕ್ಕು ಹಿಡಿದಿದೆ ಅಂತೀರಾ?" ಎಂದವಳೇ ಫೋನಿಟ್ಟಳು.

ಕೋಣೆಯ ಸ್ಥಿತಿ ಅದಕ್ಕಿಂತ ಕೆಟ್ಟಿತ್ತು. ಹನ್ನೊಂದು ವರ್ಷದಿಂದ ತೇವ ಹೀರುವ ಹರಳಿನ ಚೀಲಗಳನ್ನು ಮೂಲೆಮೂಲೆಗೂ ಇಟ್ಟು ಒಣಗಿಸಿಕೊಂಡಿದ್ದ ಕೋಣೆಯದು. ಈಗ ಮೂವತ್ತು ಜನ ಅದರೊಳಗೆ ಉಸಿರಾಡುತ್ತಿದ್ದರು, ಬೆವರುತ್ತಿದ್ದರು. ಗಿರಾಕಿ ಇದ್ದಲ್ಲಿ ವ್ಯಾಪಾರ ಎಂದು ಅಜ್ಜ ಸ್ಟೌವನ್ನೇ ಕೆಳಗೆ ತಂದು ಫೋಟೋದ ಗೋಡೆಗೆ ಒತ್ತಿಟ್ಟು ಟೀ ಕುದಿಸುತ್ತಿದ್ದ. ಬಂದೂಕುಗಳನ್ನು ಮುಟ್ಟಬೇಡಿ, ಸ್ಟೌ ಆರಿಸಿ ಎಂದು ತುಕ್ಕಣ್ಣ ಬೇಡಿಕೊಂಡ. ಜ್ಯೋತಿಷಿಗಳಿಗೆ ಸಿಟ್ಟು ಬಂದಿದೆ, ಗಲಾಟೆ ಮಾಡಬೇಡಿ ಎಂದು ಸಾಲಿನಲ್ಲಿದ್ದವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಗದ್ದಲ ಕೇಳಿ ಮೂರು ಗಂಟೆಗೆ ಕಚೇರಿಯ ಸಾಹೇಬರೇ ಇಳಿದು ಬಂದರು. ಇನ್ನು ಬೈಗುಳವೆಂದು ತುಕ್ಕಣ್ಣ ಎದ್ದು ನಿಂತ. ಸಾಹೇಬರು ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿದರು, ಆಮೇಲೆ ಮೆಲ್ಲಗೆ ತಮ್ಮ ಕೈ ಚಾಚಿದರು. ದಪ್ಪ, ಮೊಂಡು ಬೆರಳುಗಳು. ಇವರೂ ಅಲ್ಲ. ತಮ್ಮ ಬಡ್ತಿಯ ವಿಷಯ ಕೇಳಿದರು, ನಿಧಾನವಾದರೂ ಬರುತ್ತದೆ ಎಂಬ ಉತ್ತರ ಪಡೆದು ತೃಪ್ತರಾಗಿ ಮೆಟ್ಟಿಲು ಹತ್ತಿದರು.

ತುಕ್ಕಣ್ಣ ಒಳಗಿನಿಂದ ಚಿಲಕ ಹಾಕಿಕೊಂಡು ಏಳನೆಯದರ ಮೇಲೆ ಬಿದ್ದ. ಮೆಲ್ಲಗೆ ತಿಕ್ಕಬೇಕು ಎಂದು ಊರಿಗೆಲ್ಲ ಪಾಠ ಹೇಳಿದವನು ಆತುರದಲ್ಲಿ ರಪರಪ ತಿಕ್ಕಿದ. ತುಕ್ಕೇನೋ ಹೋಯಿತು. ಅದರ ಜೊತೆಗೆ ನಳಿಕೆಯ ಕಪ್ಪು ಹೊಳಪೂ ಹೋಯಿತು. ಕಂದು ಬೆರಳುಗಳಿದ್ದ ಜಾಗದಲ್ಲಿ ಈಗ ಐದು ಬಿಳಿ ಬೆರಳುಗಳು ಹತ್ತು ಮಾರು ದೂರಕ್ಕೂ ಕಾಣುವಂತೆ ಫಳಫಳ ಹೊಳೆಯುತ್ತಿದ್ದವು. ತುಕ್ಕಣ್ಣನಿಗೆ ಅಳು ಬಂತು. ಅಳುವುದಕ್ಕೂ ಪುರಸೊತ್ತಿಲ್ಲದಂತೆ ಮೇಲೆ ಜೀಪು ನಿಂತ ಸದ್ದಾಯಿತು. ದೊಡ್ಡ ಸಾಹೇಬರು ಅರ್ಧ ಗಂಟೆ ಮೊದಲೇ ಬಂದಿದ್ದರು. ಏಳನೆಯದನ್ನು ಗವಸಿಗೆ ತುರುಕಿ ಬಾಗಿಲು ತೆಗೆದ.

ದೊಡ್ಡ ಸಾಹೇಬರು ಬಂದೂಕುಗಳ ಕಡೆ ತಿರುಗಿಯೂ ನೋಡಲಿಲ್ಲ. ಮೆಟ್ಟಿಲಿಳಿಯುವಾಗಲೇ ಅವರ ಕಿವಿಗೆ ಎಲ್ಲ ಬಿದ್ದಿತ್ತು. ಸ್ಟೂಲು ಎಳೆದುಕೊಂಡು ಕೂತು, ಬಲಗೈ ಚಾಚಿದರು.

"ಏನೋ ನೋಡ್ತೀಯಂತಲ್ಲ. ನೋಡು."

ತುಕ್ಕಣ್ಣ ನೋಡಿದ. ಅಗಲವಾದ, ಒದ್ದೆಯಾದ ಕೈ. ಉದ್ದನೆಯ ಬೆರಳುಗಳು. ಕಿರುಬೆರಳು ಹೊರಕ್ಕೆ ಕೊಕ್ಕೆಯ ಹಾಗೆ ಬಾಗಿತ್ತು.

ಅವನ ಕಣ್ಣು ತಾನಾಗಿ ಗೋಡೆಯ ಕಡೆ ಹೋಯಿತು. ಅಜ್ಜನ ಟೀಯ ಹಬೆಗೆ ಸರದಿ ಪಟ್ಟಿ ಕಳಚಿ ಬಿದ್ದಿತ್ತು. ಫೋಟೋದಲ್ಲಿ ದೊಡ್ಡ ಸಾಹೇಬರು ವರ್ಷದಲ್ಲೇ ಮೊದಲ ಸಲ ಸೊಂಟದವರೆಗೆ ಕಾಣುತ್ತಿದ್ದರು. ಕೈಯಲ್ಲಿ ಏಳನೇ ನಂಬರಿನ ಬಂದೂಕು, ಕೈಗೆ ಕೈಗವಸಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕಳ್ಳ ಸಿಕ್ಕಿದ್ದ. ಆದರೆ ಕಳ್ಳನನ್ನು ಯಾರ ಮುಂದೆ ನಿಲ್ಲಿಸಬೇಕೆಂದುಕೊಂಡಿದ್ದನೋ, ಅವರೇ ಕೈ ಚಾಚಿ ಕೂತಿದ್ದರು.

"ಯಾಕೆ ಮಾತಾಡ್ತಿಲ್ಲ? ಕೆಟ್ಟದ್ದೇನಾದ್ರೂ ಇದೆಯಾ?" ಎಂದರು ದೊಡ್ಡ ಸಾಹೇಬರು.

ತುಕ್ಕಣ್ಣನ ಬಾಯಿಂದ ಸತ್ಯ ತಾನಾಗಿ ಹೊರಟಿತು. "ಈ ಕೈ ಸಾಮಾನ್ಯದ್ದಲ್ಲ ಸಾರ್. ಒಂದ್ಸಲ ಮುಟ್ಟಿದ್ರೆ ಗುರುತು ಉಳಿಯುತ್ತೆ. ಉಕ್ಕಾದ್ರೂ ಸರಿ, ಅಳಿಸೋಕೆ ಯಾರಿಂದಲೂ ಆಗಲ್ಲ."

ದೊಡ್ಡ ಸಾಹೇಬರ ಮುಖ ಅರಳಿತು. ಅವರ ಹಿಂದೆಯೇ ಇಳಿದು ಬಂದಿದ್ದ ಕಚೇರಿಯ ಸಾಹೇಬರಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ಮುಂದೆ ಬಂದು, "ನೀವು ಹೋದ ವರ್ಷ ಹಿಡಿದ ಬಂದೂಕು ಹಾಗೇ ಇದೆ ಸಾರ್. ನಿಮ್ಮ ಕೈ ತಾಗಿದ್ದು ಅಂತ ನಾನು ಒರೆಸೋಕೂ ಬಿಡಲಿಲ್ಲ. ಹಾಗೇ ಮಖಮಲ್ಲಿನ ಗವಸು ಹಾಕಿಸಿ ಇಟ್ಟಿದ್ದೀನಿ" ಎಂದವರೇ, ತುಕ್ಕಣ್ಣ ತಡೆಯುವ ಮೊದಲೇ ಗವಸು ಎಳೆದರು.

ಐದು ಬಿಳಿ ಬೆರಳುಗಳು ದೀಪದ ಬೆಳಕಿಗೆ ಮಿನುಗಿದವು. ತುಕ್ಕಣ್ಣ ಕಣ್ಣು ಮುಚ್ಚಿಕೊಂಡ. ಕಿಟಕಿ, ಬಿಸಿಲು, ಮೇಜು ಎಲ್ಲ ಒಟ್ಟಿಗೆ ಕತ್ತಲಾದವು.

ಕಣ್ಣು ಬಿಟ್ಟರೆ ದೊಡ್ಡ ಸಾಹೇಬರು ಎದ್ದು ನಿಂತಿದ್ದರು. ತಮ್ಮ ಕೈಯನ್ನು ಆ ಗುರುತುಗಳ ಮೇಲಿಟ್ಟರು. ಬೆರಳಿಗೆ ಬೆರಳು ಕೂತಿತು. ಕೊಕ್ಕೆಗೆ ಕೊಕ್ಕೆ ಕೂತಿತು. ಅವರ ಕಣ್ಣಲ್ಲಿ ನೀರಾಡಿತು.

"ಈಗಷ್ಟೇ ಹೇಳಿದ ನೋಡ್ರಿ. ಉಕ್ಕಿನ ಮೇಲೂ ಉಳಿಯುತ್ತೆ ಅಂತ. ಗವಸು ಬಿಚ್ಚೋಕೆ ಮುಂಚೆ ಹೇಳಿದ."

ಆಯುಧಗಳ ಸ್ಥಿತಿ ಅತ್ಯುತ್ತಮ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ತುಕ್ಕಣ್ಣನಿಗೆ ಉಸಿರು ಬಂತು. ಕಚೇರಿಯ ಸಾಹೇಬರು ವರ್ಗಾವಣೆಯ ಕಾಗದವನ್ನು ಮುಂದಿಟ್ಟರು. ದೊಡ್ಡ ಸಾಹೇಬರು ಅದನ್ನು ಎರಡು ಸಲ ಓದಿ, ಪೆನ್ನು ಊರಿ, ಆ ತುದಿಯಿಂದ ಈ ತುದಿಗೆ ಒಂದು ಗೆರೆ ಎಳೆದರು.

"ಏನ್ರೀ ನೀವು, ಇಂಥ ಮನುಷ್ಯನನ್ನ ಕಿಟಕಿ ಪಕ್ಕ ಕೂರಿಸಿದ್ರೆ ಬೀದಿ ಜನವೆಲ್ಲ ಬಂದು ಕೈ ಚಾಚ್ತಾರೆ. ಇವನು ಇಲ್ಲೇ ಇರಲಿ. ನಾನು ತಿಂಗಳಿಗೊಂದ್ಸಲ ತಪಾಸಣೆಗೆ ಬರ್ತೀನಿ."

ಹೊರಡುವಾಗ ಅವರಿಗೆ ಏನನ್ನಿಸಿತೋ, ತಿರುಗಿ ಬಂದು ಸಾಲಾಗಿ ನಿಲ್ಲಿಸಿದ್ದ ಉಳಿದ ಹನ್ನೊಂದು ಬಂದೂಕುಗಳ ನಳಿಕೆಯನ್ನೂ ಒಂದೊಂದಾಗಿ ಹಿಡಿದರು. ಹಿಡಿದು, ಗುರುತು ಬೀಳಲಿ ಎಂದು ಸ್ವಲ್ಪ ಒತ್ತಿದರು. ತುಕ್ಕಣ್ಣ ಹೊಸ ಕೈಗವಸಿನ ಜೊತೆಯೊಂದನ್ನು ಹಿಡಿದುಕೊಂಡು ಅವರ ಹಿಂದೆ ಹಿಂದೆಯೇ ಹೋದ, ಕೊಡುವ ಧೈರ್ಯವಾಗಲಿಲ್ಲ.

ಜೀಪಿನ ಸದ್ದು ದೂರವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೊರಗಲೂ ಅವನಿಗೆ ವೇಳೆಯಿರಲಿಲ್ಲ. ಬೆವರು ಉಕ್ಕಿಗೆ ಇಳಿಯುವ ಮುಂಚೆ ಹನ್ನೊಂದನ್ನೂ ಒರೆಸಬೇಕಿತ್ತು. ಬಟ್ಟೆ ಮಡಚಿದ, ಎಣ್ಣೆಯ ಡಬ್ಬಿ ತೆಗೆದ. ಅಷ್ಟರಲ್ಲಿ ಕಚೇರಿಯ ಸಾಹೇಬರು ಏದುಸಿರು ಬಿಡುತ್ತ ಮತ್ತೆ ಮೆಟ್ಟಿಲಿಳಿದು ಬಂದರು. ದೊಡ್ಡ ಸಾಹೇಬರ ಮನಸ್ಸು ಬದಲಾಯಿತೇನೋ ಎಂದು ತುಕ್ಕಣ್ಣ ಎದ್ದು ನಿಂತ.

ಸಾಹೇಬರು ಅವನ ಕೈಲಿದ್ದ ಬಟ್ಟೆಯನ್ನು ಕಸಿದುಕೊಂಡರು.

"ಒರೆಸಿಬಿಟ್ಟೀಯಾ ಅಂತ ಓಡಿ ಬಂದೆ ಮಾರಾಯ. ದೊಡ್ಡವರ ಕೈ ತಾಗಿದೆ, ಹಾಗೇ ಇರಲಿ. ಹನ್ನೊಂದಕ್ಕೂ ಮಖಮಲ್ಲಿನ ಗವಸಿಗೆ ದರ್ಜಿ ಹತ್ರ ಹೇಳಿ ಕಳಿಸಿದ್ದೀನಿ."