ಒಡೆದ ಫೋನಿನಲ್ಲಿ ಸಿಕ್ಕಿಬಿದ್ದ ಅಣ್ಣ

ಊರಿನವರನ್ನೆಲ್ಲ ಕ್ಷಮೆ ಕೇಳುವುದು ಬಲು ಸುಲಭ. ಮನೆಯವರಲ್ಲಿ ಒಬ್ಬನನ್ನು ಕೇಳುವುದಿದೆಯಲ್ಲ, ಅದಕ್ಕೆ ನಾಲಿಗೆ ಹೊರಳುವುದಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಕ್ಷಮಾವಣಿ ಆಚರಿಸುತ್ತೇವೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಎದುರು ಸಿಕ್ಕವರಿಗೆಲ್ಲ ಕೈ ಮುಗಿಯುತ್ತೇವೆ. ವಾಟ್ಸಾಪ್ ಬಂದ ಮೇಲೆ ಆ ಶ್ರಮವೂ ತಪ್ಪಿದೆ. ಈ ಸಲ ನಾನು ಅಥಣಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಚಹಾ ಆರುವುದರೊಳಗೆ, ಗ್ಯಾಸ್ ಸಿಲಿಂಡರ್ ತರುವವನಿಂದ ಹಿಡಿದು ದ್ರಾಕ್ಷಿ ದಲಾಲಿಯವರೆಗೆ ಎಲ್ಲರಿಗೂ ಒಂದೇ ಚಿತ್ರ ಕಳಿಸಿ ಕ್ಷಮೆ ಕೇಳಿ ಮುಗಿಸಿದ್ದೆ. ಬಿಟ್ಟಿದ್ದು ಒಬ್ಬನನ್ನೇ, ತೆಲಸಂಗದಲ್ಲಿರುವ ನನ್ನ ಸ್ವಂತ ಅಣ್ಣನನ್ನು.

ಜಗಳ ದೊಡ್ಡದೇನಲ್ಲ. ಅವನ ಮಗಳ ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಸಾಂಗಲಿಯ ಯಾರೋ ದೂರದ ಬೀಗರ ಕೆಳಗೆ ಅಚ್ಚಾಗಿತ್ತು. ಹುಡುಗಿಗೆ ಸ್ವಂತ ಕಾಕಾ ನಾನು! ಕೇಳಿದರೆ, "ಅಚ್ಚು ಹಾಕಾಂವ ಹಾಕ್ಯಾನ, ನಾ ಏನ್ ಮಾಡ್ಲಿ?" ಎಂದ. ನಾನೂ ನಾಲ್ಕು ಮಾತು ಆಡಿದೆ, ನಾಲ್ಕೂ ಹೆಚ್ಚಾದವು. ಅಂದಿನಿಂದ ಎರಡು ವರ್ಷ ಮಾತಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ, ಅವನಿಲ್ಲದೆ ನನಗೆ ಹಬ್ಬಗಳೆಲ್ಲ ಸಪ್ಪೆಯಾಗಿದ್ದವು.

ಚಹಾದ ಕೊನೆಯ ಗುಟುಕಿಗೆ ಫೋನು ಟಿಣ್ ಎಂದಿತು. ನೋಡುತ್ತೇನೆ, 'ದಾದಾ' ಎಂಬ ಹೆಸರು, ಅಣ್ಣನೇ, ಪಕ್ಕದಲ್ಲಿ ಧ್ವನಿ ಸಂದೇಶದ ಗುರುತು! ದಡಬಡಿಸಿ ಎದ್ದ ರಭಸಕ್ಕೆ ಫೋನು ಕೈಜಾರಿ ಅಂಗಳದ ಒರಳುಕಲ್ಲಿಗೆ ಬಡಿಯಿತು. ಎತ್ತಿ ನೋಡಿದರೆ ಪರದೆ ಪೂರ್ತಿ ಕಪ್ಪು. ಒತ್ತಿದೆ, ಉಜ್ಜಿದೆ, ಊದಿದೆ. ಏನೂ ಇಲ್ಲ.

"ನನ್ನ ಫೋನ್ ತಗೊಂಡು ಹಚ್ರಿ. ‘ದಾದಾ, ಏನ್ ಅಂದಿ?’ ಅಂತ ಕೇಳ್ರಿ, ಮುಗೀತು," ಎಂದಳು ಹೆಂಡತಿ. ಅಷ್ಟು ಸರಳವೇ? ಅವನು ಕ್ಷಮೆ ಕೇಳಿದ್ದರೆ ಅದನ್ನು ನಾನು ಮೊದಲು ಗತ್ತಿನಿಂದ ಕೇಳಿಸಿಕೊಳ್ಳಬೇಕು. ಬೈದಿದ್ದರೆ ಫೋನು ಮಾಡಿ ಎರಡನೇ ಸಲ ಬೈಸಿಕೊಳ್ಳುವ ಕರ್ಮ ನನಗೇಕೆ? ಇದನ್ನು ವಿವರಿಸಿದೆ. "ನಿಮ್ಮ ಮನೆತನಾನ ಹಂಗ," ಎಂದು ಅವಳು ಒಳಗೆ ಹೋದಳು.

ಮಧ್ಯಾಹ್ನ ಊಟವೂ ಸೇರಲಿಲ್ಲ. ಹೊತ್ತು ಇಳಿಯತೊಡಗಿದಾಗ ತಡೆಯಲಾರದೆ ಬಜಾರಿನ ಮೊಬೈಲ್ ಅಂಗಡಿಗೆ ಓಡಿದೆ. ಅಂಗಡಿಯ ಸಲೀಂ ಫೋನನ್ನು ತಿರುಗಿಸಿ ನೋಡಿ, "ಸ್ಕ್ರೀನ್ ಹೋಗೈತ್ರಿ ಕಾಕಾ, ಒಳಗ ಜೀವ ಐತಿ. ಹೊಸಾದು ಮಿರಜದಿಂದ ಬರಬೇಕು, ನಾಕ್ ದಿನ," ಎಂದ.

"ನಾಕ್ ದಿನಾ ಕಾಯಾಕ ಆಗೂದಿಲ್ಲೋ, ಕ್ಷಮಾವಣಿ ಇವತ್ತ ಐತಿ!"

ಅವನಿಗೇನು ಅರ್ಥವಾಯಿತೋ, ಫೋನಿಗೆ ಒಂದು ವೈರಿನ ಗಂಟು ಸಿಕ್ಕಿಸಿ, ಒಂದು ತುದಿಯನ್ನು ಗೋಡೆಯ ಟಿವಿಗೂ ಇನ್ನೊಂದನ್ನು ಕಂಪ್ಯೂಟರಿನ ಮೌಸಿಗೂ ಜೋಡಿಸಿದ. ಗಿರಾಕಿಗಳು ನೋಡುತ್ತಿದ್ದ ಕ್ರಿಕೆಟ್ ಮಾಯವಾಗಿ ನನ್ನ ಫೋನು ಹಾಸಿಗೆಯಷ್ಟು ದೊಡ್ಡದಾಗಿ ಪ್ರತ್ಯಕ್ಷವಾಯಿತು. ಲಾಕ್ ತೆಗೆಯುವ ಗೆರೆಯನ್ನು ನಾನು ಸಲೀಮನ ಕಿವಿಯಲ್ಲಿ ಗುಟ್ಟಾಗಿ ಹೇಳಿದೆ. ಅವನು ಅದನ್ನು ಇಡೀ ಬಜಾರಿಗೆ ಕಾಣುವಂತೆ ಟಿವಿಯ ಮೇಲೆ ಎಳೆದ. ಆಮೇಲೆ ಬಂತು ನೋಡಿ ನನ್ನ ಕ್ಷಮೆಗಳ ಸಾಲು. "ಇದ ನನಗೂ ಬಂದೈತಿ!" ಎಂದರು ಇಯರ್‌ಫೋನ್ ಕೊಳ್ಳಲು ಬಂದ ಹೆಂಗಸೊಬ್ಬರು. ನಾನು ಹಲ್ಲು ಕಿರಿದೆ.

"ದಾದಾ ಅಂತ ಐತಲ್ಲ, ಅದನ್ನ ಒತ್ತು. ಸಣ್ಣಕ ಕೇಳಸಲಿ," ಎಂದೆ. ಟಿವಿಗೆ ಸಣ್ಣಕ ಎಂಬುದು ಗೊತ್ತಿದ್ದರೆ ತಾನೇ? ಅಣ್ಣನ ದನಿ ಅಂಗಡಿಯನ್ನೇ ನಡುಗಿಸಿತು.

"ಬಾಳ್ಯಾ, ಊರ ಮಂದಿಗೆಲ್ಲಾ ಕ್ಷಮಾ ಕೇಳಿದ್ಯಂತ. ನನಗ ಯಾಕ ಕೇಳಿಲ್ಲ? ಸಣ್ಣಾಂವ ನೀ, ಮೊದಲ ನೀ ಕೇಳಬೇಕು. ಕ್ಷಮಾ ಮಾಡಾಕ ತಯಾರಾಗಿ ಮುಂಜಾನಿಂದ ಕುಂತೀನಿ ಇಲ್ಲೆ. ಹೊತ್ತು ಮುಳುಗೂತನಕ ಹಾದಿ ನೋಡ್ತೀನಿ. ಆಮ್ಯಾಲ ನೀ ಯಾರೋ, ನಾ ಯಾರೋ!"

ಮೈಯೆಲ್ಲ ಉರಿಯಿತು. ಎಂಥ ಸೊಕ್ಕು! ಹೊರಗೆ ನೋಡಿದರೆ ಬಿಸಿಲು ಆಗಲೇ ಎದುರಿನ ಮಾಳಿಗೆ ಹತ್ತಿತ್ತು. ಅಣ್ಣ ಆಡಿದ್ದನ್ನು ಮಾಡಿ ತೀರಿಸುವ ಗಿರಾಕಿ.

"ಕೇಳಿಬಿಡ್ರಿ ಅಣ್ಣಾರ, ನಿಮ್ಮ ಗಂಟೇನ್ ಹೋಗ್ತೈತಿ?" ಎಂದರು ಆ ಹೆಂಗಸು. "ಲಗೂನ ಕೇಳ್ರಿ ಕಾಕಾ, ಮಂದಿ ಮ್ಯಾಚ್ ನೋಡಬೇಕಂತಾರ," ಎಂದು ಸಲೀಂ ಮೌಸನ್ನು ಮೈಕಿನ ಗುರುತಿನ ಮೇಲೆ ಒತ್ತಿ ಹಿಡಿದ.

"ದಾದಾ..." ಎಂದೆ. "ಕ್ಷಮಾ ಮಾಡು ದಾದಾ." ಸಲೀಂ ಮೌಸ್ ಬಿಟ್ಟ, ಸಂದೇಶ ಹೋಯಿತು.

ಅವನು ಕೇಳಿದ ಗುರುತು ಅರೆಗಳಿಗೆಯಲ್ಲಿ ನೀಲಿಯಾಯಿತು. ಮುದುಕ ನಿಜವಾಗಿಯೂ ಫೋನು ಕೈಯಲ್ಲಿ ಹಿಡಿದೇ ಕುಳಿತಿದ್ದ! ಏನೋ ಬರೆಯತೊಡಗಿದ, ನಿಲ್ಲಿಸಿದ, ಮತ್ತೆ ಬರೆದ. ಅಂಗಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಟಿವಿ ನೋಡುತ್ತಿದ್ದರು. ಕೊನೆಗೆ ಬಂತು: "ಮಾಡೇನಿ. ನಂದೂ ಕ್ಷಮಾ ಇರಲಿ. ನಿಮ್ಮ ವೈನಿ ಅಡಗಿ ಮಾಡ್ಯಾಳ, ಹೊತ್ತು ಮುಳುಗೂದ್ರಾಗ ಉಣ್ಣಾಕ ಬಾ." ಅತ್ತಿಗೆಯ ಕೈಯಡುಗೆ! ನಮ್ಮ ಜೈನರಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ. ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡು ಅಂಗಡಿಯಿಂದ ಹಾರಿದೆ.

"ಕಾಕಾ, ಫೋಟೋ, ನಂಬರ್, ಏನೇನ್ ತಗದಿಡ್ಲಿ?" ಎಂದು ಸಲೀಂ ಕೂಗಿದ.

"ಏನರೆ ಮಾಡ್ಕೋ!" ಎಂದು ಬೈಕು ಹತ್ತಿದೆ.

ಎದೆ ಹಗುರಾಗಿತ್ತು. ಆದರೆ ಊರು ದಾಟುತ್ತಿದ್ದಂತೆ ಒಂದು ಮಾತು ಹೊಳೆಯಿತು. ನಾನು ಕ್ಷಮೆ ಕೇಳಿದ್ದು ನಿಜ, ತಪ್ಪು ನನ್ನದೆಂದು ಎಲ್ಲಿ ಹೇಳಿದೆ? ಇದನ್ನು ಅಣ್ಣನಿಗೆ ಸ್ಪಷ್ಟಪಡಿಸಲೇಬೇಕು. ಊಟಕ್ಕೆ ಮೊದಲೋ, ಊಟವಾದ ಮೇಲೋ ಎಂದು ತೆಲಸಂಗದವರೆಗೂ ಯೋಚಿಸಿದೆ. ಅವನ ಮನೆಯ ಒಗ್ಗರಣೆಯ ವಾಸನೆ ಮೂಗಿಗೆ ಬಡಿದಾಗ, ಊಟವಾದ ಮೇಲೆಯೇ ವಾಸಿ ಎನಿಸಿತು.